ಕಾಲು ಎಣಿಸಿ, ಆಮೇಲೆ ಹೊಗಳಿ

ಹುಳುಹುಪ್ಪಟೆಗಳ ಚಿತ್ರ ತೆಗೆಯುವ ಹವ್ಯಾಸಿ ಬಳಗಗಳಿಗೆ ಒಂದು ಬಹಿರಂಗ ಪತ್ರ



ಈಗ ಊರೂರಲ್ಲೂ ನಿಮ್ಮಂಥವರ ಒಂದು ಬಳಗವಿದೆ. ಬ್ಯಾಂಕಿನವರು, ಮೇಷ್ಟ್ರುಗಳು, ಅಡಿಕೆ ತೋಟದವರು, ಇಂಜಿನಿಯರಿಂಗ್ ಓದುವ ಹುಡುಗರು, ಅಡುಗೆ ಮುಗಿಸಿ ಮೊಬೈಲ್ ಹಿಡಿದು ಹಿತ್ತಿಲಿಗಿಳಿಯುವ ಅಮ್ಮಂದಿರು. ತಿಂಗಳಿಗೊಂದು ಭಾನುವಾರ ಶಾಲೆಯ ಕೋಣೆಯಲ್ಲೋ ಯಾರದಾದರೂ ಮನೆಯ ಹಜಾರದಲ್ಲೋ ಸೇರುತ್ತೀರಿ. ಪ್ರೊಜೆಕ್ಟರ್ ಹಚ್ಚಿದ ಕೂಡಲೇ ಕಾಳುಮೆಣಸಿನಷ್ಟಿರುವ ಜೇಡ ಗೋಡೆ ತುಂಬ ಬಂದು ನಿಲ್ಲುತ್ತದೆ. ಹಿಂದಿನ ಸಾಲಿನಿಂದ "ಸೂಪರ್ ಸಾರ್" ಎಂಬ ದನಿ. ಮುಂದಿನ ಸಾಲಿನಿಂದ "ಯಾವ ಲೆನ್ಸು?" ಎಂಬ ಪ್ರಶ್ನೆ. ಇನ್ನೊಬ್ಬರು "ಸ್ವಲ್ಪ ಕ್ರಾಪ್ ಮಾಡಬಹುದಿತ್ತೇನೋ" ಅನ್ನುವಷ್ಟರಲ್ಲಿ ಮುಂದಿನ ಚಿತ್ರ. ಚಹಾ ಬರುವ ಹೊತ್ತಿಗೆ ರಾಶಿ ಚಿತ್ರಗಳು ಮುಗಿದಿರುತ್ತವೆ, ಒಂದನ್ನೂ ಯಾರೂ ಸರಿಯಾಗಿ ನೋಡಿರುವುದಿಲ್ಲ.

ಇಂಥ ಕೋಣೆಗಳಲ್ಲಿ ನಾನೂ ಬಹಳ ವರ್ಷ ಕೂತಿದ್ದೇನೆ, ತೋರಿಸುವವನಾಗಿ, ಹೇಳುವವನಾಗಿ. ನಿಮ್ಮ ಉತ್ಸಾಹದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಆಡುವ ಮಾತಿನ ಬಗ್ಗೆ. ಅದಕ್ಕೆ ನನ್ನ ಅಳತೆಗೋಲು ಒಂದೇ. ನೀವು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಚಿತ್ರ ತೆಗೆದವರು ನಾಳೆ ಬೆಳಿಗ್ಗೆ ಅದೇ ಗಿಡದ ಹತ್ತಿರ ಹೋದರೆ, ನಿನ್ನೆಗಿಂತ ಬೇರೆ ಏನನ್ನಾದರೂ ಮಾಡಬಲ್ಲರೇ? ಮಾಡಬಲ್ಲರಾದರೆ ನೀವು ಹೇಳಿದ್ದು ಸಲಹೆ. ಇಲ್ಲವಾದರೆ ಮುಖಸ್ತುತಿ, ಅಥವಾ ನಿಮ್ಮ ಜಾಣತನದ ಪ್ರದರ್ಶನ.

ನಾಳೆ ಬೆಳಿಗ್ಗೆ ಎಂದದ್ದು ಮಾತಿಗಲ್ಲ. ಕಬಿನಿಯಲ್ಲಿ ಕರಿಚಿರತೆ ಕಂಡವರಿಗೆ ಇನ್ನೊಂದು ಅವಕಾಶ ಯಾವಾಗ ಸಿಕ್ಕೀತೋ ಹೇಳುವವರಿಲ್ಲ. ನಮ್ಮ ಪ್ರಾಣಿಗಳು ಹಾಗಲ್ಲ. ಬಲೆಯ ನಡುವೆ ಬಿಳಿ ಎಳೆಗಳಿಂದ ಎಕ್ಸ್ ಅಕ್ಷರ ಹೆಣೆದು ಕೂರುವ ಸಹಿ ಜೇಡ ಇವತ್ತಿದ್ದ ಪೊದೆಯಲ್ಲೇ ನಾಳೆಯೂ ಸಿಗುತ್ತದೆ, ಎಷ್ಟೋ ಸಲ ವಾರವಿಡೀ ಸಿಗುತ್ತದೆ. ಕರಿಬೇವಿನ ಗಿಡ ಹತ್ತಿದ ಹುಳು ಕೋಶ ಕಟ್ಟುವ ಕಾಲ ಬರುವ ತನಕ ಅಲ್ಲೇ ಎಲೆ ಮೇಯುತ್ತಿರುತ್ತದೆ. ಚಳಿಗಾಲದ ಮುಂಜಾನೆ ಏರೋಪ್ಲೇನ್ ಚಿಟ್ಟೆ ಮೈ ಬೆಚ್ಚಗಾಗುವವರೆಗೆ ಹಾರಲಾರದೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ವನ್ಯಜೀವಿ ಛಾಯಾಗ್ರಹಣದಲ್ಲಿ ತಿದ್ದಿಕೊಳ್ಳಲು ಇಷ್ಟು ಅನುಕೂಲ ಇರುವ ವಿಭಾಗ ಇನ್ನೊಂದಿಲ್ಲ. ಅಂಥ ಅನುಕೂಲವನ್ನು ನಾವು "ಸೂಪರ್" ಎಂಬ ಒಂದೇ ಮಾತಿನಲ್ಲಿ ಕಳೆದುಬಿಡುತ್ತೇವೆ.

ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ಟೀಕೆ "ಕಣ್ಣು ಶಾರ್ಪ್ ಬಂದಿಲ್ಲ" ಎಂಬುದು. ಇದು ಚಿತ್ರ ತೆಗೆದವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಯಾಕೆ ಬಂದಿಲ್ಲ ಎಂಬುದು. ಹುಳು ಎಷ್ಟು ದೊಡ್ಡದಿದೆಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವ ಒಂದಕ್ಕೊಂದು ಅಳತೆಯಲ್ಲಿ, ಎಫ್/11 ಇಟ್ಟರೂ ಫೋಕಸ್ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್ ಅಷ್ಟೆ. ಉಸಿರು ಬಿಟ್ಟರೆ ನಮ್ಮ ಮೈ ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ. ಆದ್ದರಿಂದ ಹೀಗೆ ಹೇಳಿ ನೋಡಿ: "ಫೋಕಸ್ ಮುಂಗಾಲಿನ ಮೇಲೆ ಬಿದ್ದಿದೆ, ಕಣ್ಣು ಅದರ ಹಿಂದೆ ಉಳಿದಿದೆ. ಕೂದಲೆಳೆಯಷ್ಟು ಮುಂದೆ ಬಾಗಬೇಕಿತ್ತು. ಎಡಗೈಯಲ್ಲಿ ಹುಳು ಕೂತ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಲೆನ್ಸಿನ ತುದಿಯನ್ನು ಅದೇ ಕೈಯ ಮೇಲೆ ಊರಿ ತೆಗೆಯಿರಿ." ಕಡ್ಡಿ, ಕ್ಯಾಮೆರಾ ಎರಡೂ ಒಟ್ಟಿಗೆ ಅಲ್ಲಾಡಿದರೆ ಫೋಕಸ್ ಕದಲುವುದಿಲ್ಲ. ಈ ಮಾತು ಕೇಳಿದ ಹುಡುಗ ಮಾರನೇ ದಿನ ಬೆಳಿಗ್ಗೆ ಆರಕ್ಕೇ ಎದ್ದು ಹೋಗುತ್ತಾನೆ.

ಕೆಲವು ಚಿತ್ರಗಳಿಗೆ ಕಣ್ಣಿನ ಮಾತೇ ಸಲ್ಲುವುದಿಲ್ಲ. ರೆಕ್ಕೆ ಮಡಿಸಿ ಕೂತ ಚಿಟ್ಟೆಯನ್ನು ಪಕ್ಕದಿಂದ ತೆಗೆದಾಗ ನೋಡುವವರಿಗೆ ಬೇಕಾದದ್ದು ರೆಕ್ಕೆಯ ಅಡಿಮೈಯ ಪೂರ್ತಿ ಚಿತ್ತಾರ. ಅಲ್ಲಿ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರವಾಗಿತ್ತೇ ಎಂದು ಕೇಳಬೇಕು. ಒಂದು ಅಂಚು ಚೂಪಾಗಿ ಇನ್ನೊಂದು ಅಂಚು ಮಸುಕಾಗಿದ್ದರೆ, ನಿಂತ ಜಾಗದಿಂದ ಅರ್ಧ ಹೆಜ್ಜೆ ಬಲಕ್ಕೋ ಎಡಕ್ಕೋ ಸರಿಯಬೇಕಿತ್ತು ಎಂದು ಅರ್ಥ. ಯಾವ ಕಡೆಗೆ ಎಂಬುದನ್ನು ಚಿತ್ರವೇ ಹೇಳುತ್ತದೆ, ಆದರೆ ಅದಕ್ಕೆ ಅರ್ಧ ನಿಮಿಷ ದಿಟ್ಟಿಸಿ ನೋಡುವ ತಾಳ್ಮೆ ಬೇಕು.

ಇನ್ನೊಂದು ಜನಪ್ರಿಯ ಉಪದೇಶವಿದೆ: "ಆಳ ಸಾಲದಿದ್ದರೆ ಎಫ್/32 ಇಟ್ಟುಬಿಡಿ." ದಯವಿಟ್ಟು ಈ ಮಾತನ್ನು ಕೋಣೆಯಿಂದ ಹೊರಗೆ ಹಾಕಿ. ಒಂದಕ್ಕೊಂದು ಅಳತೆಗೆ ಹೋದಾಗ ಲೆನ್ಸಿನ ಕಿಂಡಿ ಕಾಗದದ ಮೇಲಿನ ಲೆಕ್ಕಕ್ಕಿಂತ ಎರಡು ಸ್ಟಾಪ್ ಕಿರಿದಾದಂತೆ ವರ್ತಿಸುತ್ತದೆ. ಎಫ್/16 ಇಟ್ಟರೇ ಪರಿಣಾಮದಲ್ಲಿ ಎಫ್/32. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಇಲ್ಲೊಂದು ತಮಾಷೆಯೂ ಇದೆ. ನಿಕಾನ್ ಕ್ಯಾಮೆರಾ ಈ ನಿಜವಾದ ಲೆಕ್ಕವನ್ನೇ ಪರದೆಯಲ್ಲಿ ತೋರಿಸುತ್ತದೆ, 2.8ರ ಮ್ಯಾಕ್ರೋ ಲೆನ್ಸು ತೀರಾ ಹತ್ತಿರ ಹೋದಾಗ 4.8 ಎಂದೋ 5 ಎಂದೋ ಅನ್ನುತ್ತದೆ. ಕ್ಯಾನನ್ ಹಾಗೆ ತೋರಿಸುವುದಿಲ್ಲ. ಇಬ್ಬರು ಹಿರಿಯರು ಒಂದೇ ಸಂಖ್ಯೆ ಹಿಡಿದುಕೊಂಡು ಚಹಾ ಆರುವ ತನಕ ಜಗಳವಾಡಿದ್ದನ್ನು ನೋಡಿದ್ದೇನೆ. ಇಬ್ಬರದೂ ಸರಿಯೇ, ಕ್ಯಾಮೆರಾ ಬೇರೆ ಅಷ್ಟೆ.

ಫ್ಲ್ಯಾಶ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. "ಹೈಲೈಟ್ ಸುಟ್ಟಿದೆ" ಎಂದು ನಿಲ್ಲಿಸಬೇಡಿ. ಡಿಫ್ಯೂಸರ್ ಇನ್ನಷ್ಟು ಅಗಲವಾಗಲಿ, ಹುಳುವಿಗೆ ಇನ್ನಷ್ಟು ಹತ್ತಿರ ಬರಲಿ ಎನ್ನಿ. ಚಿಪ್ಸ್ ಡಬ್ಬಿ, ಟ್ರೇಸಿಂಗ್ ಪೇಪರ್, ಫೋಮ್ ಹಾಳೆಯಲ್ಲಿ ಮನೆಯಲ್ಲೇ ಮಾಡಿಕೊಂಡವರು ಬೇಕಾದಷ್ಟು ಜನ. ಹಗಲಲ್ಲಿ ತೆಗೆದ ಹುಳು ನಡುರಾತ್ರಿಯಲ್ಲಿ ಕೂತಂತೆ ಕಂಡರೆ ಐಎಸ್‌ಒ ಏರಿಸಿ, ಷಟರ್ ನಿಧಾನ ಮಾಡಿ ಎನ್ನಿ. ಹಿನ್ನೆಲೆಯ ಹಸಿರು ತಾನಾಗಿ ವಾಪಸು ಬರುತ್ತದೆ.

ತಾಂತ್ರಿಕ ಮಾತು ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದದ್ದು, ಚಿತ್ರದಲ್ಲಿ ಇರುವುದು ಯಾರು ಎಂದು ನೋಡುವುದು.

ಒಮ್ಮೆ ಒಂದು ಬಳಗದಲ್ಲಿ ಮಾವಿನೆಲೆಯ ಮೇಲಿನ ಚಗಳಿ ಇರುವೆಯ ಚಿತ್ರವೊಂದು ಬಂತು. ಬೆಳಕು ಚೆನ್ನಾಗಿತ್ತು, ಎಲೆಯ ನರಗಳ ಗೆರೆ ಚೌಕಟ್ಟಿಗೆ ಓರೆಯಾಗಿ ಹಾದು ಹೋಗಿತ್ತು. ಎಲ್ಲರೂ ಸಂಯೋಜನೆಯನ್ನು ಹೊಗಳಿದರು. ಹೈಸ್ಕೂಲು ಹುಡುಗನೊಬ್ಬ ಮಾತ್ರ ಎದ್ದು ನಿಂತು, "ಸಾರ್, ಇದರ ಮೀಸೆ ತಲೆಯಿಂದ ಹೊರಟಿಲ್ಲ" ಎಂದ. ನೋಡಿದರೆ ಅದು ಇರುವೆಯೇ ಅಲ್ಲ, ಇರುವೆ ವೇಷದ ಜೇಡ. ಚಗಳಿ ಗೂಡುಗಳ ಆಸುಪಾಸಿನಲ್ಲೇ ಬದುಕುವ ಈ ಜಿಗಿ ಜೇಡ ತನ್ನ ಮುಂದಿನ ಎರಡು ಕಾಲುಗಳನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತದೆ. ನೆಲಕ್ಕೆ ಊರಿದ್ದು ಆರು ಕಾಲು, ಎತ್ತಿದ್ದು ಎರಡು ಮೀಸೆ ಎಂದು ಲೆಕ್ಕ ಹಾಕಿ ನಾವು ಮೋಸ ಹೋಗುತ್ತೇವೆ. ಗಂಡಿನ ದವಡೆಯಂತೂ ಎಷ್ಟು ಉದ್ದ ಬೆಳೆದಿರುತ್ತದೆಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿದೆ ಅನ್ನಿಸಬೇಕು. ಆ ಹುಡುಗನ ಒಂದು ಮಾತಿನಿಂದ ಇಡೀ ಚಿತ್ರ ಬೇರೆಯಾಯಿತು. ತೆಗೆದವರು ಮರುದಿನ ಅದೇ ಮಾವಿನ ಮರಕ್ಕೆ ಹೋಗಿ, ಜೇಡ ಮತ್ತು ಅಸಲಿ ಚಗಳಿ ಎರಡೂ ಒಂದೇ ಚೌಕಟ್ಟಿಗೆ ಬರುವ ಗಳಿಗೆಗಾಗಿ ಕಾದರು. ಸಂಯೋಜನೆಯನ್ನು ಎಷ್ಟು ಹೊಗಳಿದ್ದರೂ ಆ ಎರಡನೆಯ ಚಿತ್ರ ಹುಟ್ಟುತ್ತಿರಲಿಲ್ಲ.

ಹೆಸರು ಹೇಳುವಾಗ ಮಾತ್ರ ಕೊಂಚ ಹಿಡಿತವಿರಲಿ. ಎಷ್ಟೋ ಜೇಡಗಳ ಪ್ರಭೇದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡದೆ ಹೇಳಲಾಗುವುದಿಲ್ಲ. ಕುಲದ ಹೆಸರಿಗೇ ನಿಲ್ಲಿಸಿದರೆ ಯಾರ ಮರ್ಯಾದೆಯೂ ಹೋಗದು. ಬದಲಿಗೆ, ಇನ್ನೊಂದು ಸಲ ಸಿಕ್ಕರೆ ಮುಖದ ನೇರಕ್ಕೆ ಒಂದು, ಬೆನ್ನಿನ ಮೇಲಿಂದ ಒಂದು ತೆಗೆದುಕೊಳ್ಳಿ ಎಂದು ಹೇಳಿ. ಜೇಡದ ಕುಟುಂಬ ಗುರುತಿಸುವುದಕ್ಕೆ ಅದರ ಕಣ್ಣುಗಳ ಸಾಲು ನೋಡಿದರೆ ಬಹುಪಾಲು ಕೆಲಸ ಮುಗಿದಂತೆ.

ಈಗ ಕರಿಬೇವಿನ ಗಿಡಕ್ಕೆ ಬರುತ್ತೇನೆ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಚಿಕ್ಕದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ, ಕಂದು ಬಿಳಿ ಬಣ್ಣದಲ್ಲಿ ಎಲೆಯ ಮೇಲೆ ಬಿದ್ದುಕೊಂಡಿರುತ್ತದೆ. ದೊಡ್ಡದಾದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಬಣ್ಣದ ಕವಲು ಕೊಂಬೊಂದನ್ನು ಹೊರಗೆ ಚಾಚುತ್ತದೆ, ಘಾಟು ವಾಸನೆ ಬಿಡುತ್ತದೆ. ಹೆದರಿದಾಗ, ಕೆಣಕಿದಾಗ ಮಾತ್ರ ಅದು ಹಾಗೆ ಮಾಡುವುದು. ಈ ಹುಳುವಿನ ಮೂರು ಚಿತ್ರಗಳನ್ನು ತೋರಿಸಿದರೆ ನಮ್ಮ ಸಭೆ ಏನು ಮಾಡುತ್ತದೆ ಗೊತ್ತೇ? ಹಿಕ್ಕೆಯಂತೆ ಕಾಣುವ ಮರಿಯ ಚಿತ್ರಕ್ಕೆ ನಗುತ್ತದೆ. ಹಸಿರು ಹುಳು ಎಲೆ ತಿನ್ನುವ ಚಿತ್ರಕ್ಕೆ "ಎಲೆ ಜಾಸ್ತಿಯಾಯಿತು, ಕ್ರಾಪ್ ಮಾಡಿ" ಎನ್ನುತ್ತದೆ. ಕೆಂಪು ಕೊಂಬಿನ ಚಿತ್ರಕ್ಕೆ ಚಪ್ಪಾಳೆ ತಟ್ಟುತ್ತದೆ.

ಮೂರೂ ಪ್ರತಿಕ್ರಿಯೆ ತಪ್ಪು. ಮೊದಲನೆಯ ಚಿತ್ರ ವೇಷಗಾರಿಕೆಯ ಅದ್ಭುತ ದಾಖಲೆ. ಎರಡನೆಯದರಲ್ಲಿ ಎಲೆಯೇ ಅರ್ಧ ಕಥೆ. ಯಾವ ಹುಳು ಯಾವ ಗಿಡ ತಿನ್ನುತ್ತದೆ ಎಂಬುದನ್ನು ಕತ್ತರಿಸಿ ಎಸೆದರೆ ಉಳಿಯುವುದು ಒಂದು ಹಸಿರು ಕೊಳವೆ. ಮೂರನೆಯದಕ್ಕೆ ನಾವು ತಟ್ಟಿದ ಚಪ್ಪಾಳೆ, ಕಡ್ಡಿಯಿಂದ ಕೆಣಕಿದ್ದಕ್ಕೆ ಕೊಟ್ಟ ಬಹುಮಾನ. ಮುಂದಿನ ತಿಂಗಳು ಇನ್ನೂ ನಾಲ್ಕು ಜನ ಕಡ್ಡಿ ಹಿಡಿದು ಕರಿಬೇವಿನ ಗಿಡದ ಹತ್ತಿರ ನಿಂತಿರುತ್ತಾರೆ. ನಮ್ಮ ಮಾತಿನ ಫಲ ನಾಳೆ ಬೆಳಿಗ್ಗೆ ಹುಳುವಿನ ಮೈಮೇಲೂ ಬೀಳುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ತೆಗೆದದ್ದು, ಗ್ಲಿಸರಿನ್ ಸಿಂಪಡಿಸಿ ಇಬ್ಬನಿ ಎಂದದ್ದು, ಕಪ್ಪೆಯನ್ನು ಎಲೆಯ ಕೊಡೆಯ ಕೆಳಗೆ ಕೂರಿಸಿದ್ದು, ಇವೆಲ್ಲ ಯಾರದೋ ಹೊಗಳಿಕೆಯ ಆಸೆಯಿಂದಲೇ ಹುಟ್ಟಿದವು. ಅನುಮಾನ ಬಂದರೆ ಆರೋಪ ಮಾಡಬೇಕಿಲ್ಲ. "ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ನೀವು ಹೋದಾಗ ಏನು ಮಾಡುತ್ತಿತ್ತು, ನೀವು ಬರುವಾಗ ಏನು ಮಾಡುತ್ತಿತ್ತು?" ಎಂದು ಕೇಳಿ. ನಿಜವಾಗಿ ಕಾದು ತೆಗೆದವರು ಕಣ್ಣರಳಿಸಿ ಹೇಳತೊಡಗುತ್ತಾರೆ, ಸುಲಭಕ್ಕೆ ನಿಲ್ಲಿಸುವುದೂ ಇಲ್ಲ. ಉಳಿದವರು ಲೆನ್ಸಿನ ಕಡೆಗೆ ಮಾತು ತಿರುಗಿಸುತ್ತಾರೆ.

ಅಂದವನ್ನೇ ಅಳೆಯುವವರಿಗೆ ಕುಂಬಾರ ಕಪ್ಪೆಯನ್ನು ನೆನಪಿಸಬೇಕು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ವಿಜ್ಞಾನಕ್ಕೆ ಪರಿಚಯಿಸಿದ ಕಪ್ಪೆ ಅದು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ತೊರೆಯಿಂದ ಮಣ್ಣು ತಂದು ಕೈಯಾರೆ ಮೊಟ್ಟೆಗಳಿಗೆ ಮೆತ್ತುತ್ತದೆ. ಆ ಗಳಿಗೆಯ ಚಿತ್ರ ನಮ್ಮ ಗೋಡೆಯ ಮೇಲೆ ಬಂದರೆ "ಬೆಳಕು ಮಬ್ಬು, ಮಣ್ಣು ರಾಡಿ, ಹಿನ್ನೆಲೆ ಗಲಿಬಿಲಿ" ಎಂದು ಮುಂದಿನದಕ್ಕೆ ಹೋಗಿಬಿಡುತ್ತೇವೇನೋ ಎಂಬ ಹೆದರಿಕೆ ನನಗೆ.

ಸ್ಪರ್ಧೆಗಳಿಂದ ಬಂದ ಅಭ್ಯಾಸವೂ ಇದಕ್ಕೆ ಕಾರಣ. ಸಲೋನ್ ಎಂಬ ಈ ಸ್ಪರ್ಧೆಗಳಲ್ಲಿ ತೀರ್ಪುಗಾರರ ಮುಂದೆ ಚಿತ್ರ ಕೆಲವೇ ಕ್ಷಣ ನಿಲ್ಲುತ್ತದೆ, ಅಂಕ ಬೀಳುತ್ತದೆ, ಹೋಗುತ್ತದೆ. ಸಾವಿರಾರು ಚಿತ್ರಗಳ ಸಾಲಿಗೆ ಅದು ಅನಿವಾರ್ಯ. ಹತ್ತು ಹನ್ನೆರಡು ಜನರ ಕೋಣೆಯಲ್ಲಿ ಆ ಗಡಿಬಿಡಿ ನಮಗೇಕೆ? ಸ್ಪರ್ಧೆಯ ನಿಯಮ ತಿಳಿಯದೆ ಸ್ಪರ್ಧೆಯ ಧಾಟಿಯಲ್ಲಿ ಮಾತಾಡುವವರೂ ಇದ್ದಾರೆ. "ಆ ಅಡ್ಡ ಕಡ್ಡಿಯನ್ನು ಕ್ಲೋನ್ ಮಾಡಿ ತೆಗೆದುಬಿಡಿ" ಎನ್ನುತ್ತಾರೆ. ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಮೂರು ಛಾಯಾಗ್ರಹಣ ಸಂಸ್ಥೆಗಳು ಒಪ್ಪಿ 2015ರಿಂದ ಜಾರಿಗೆ ತಂದ ನಿಸರ್ಗ ಚಿತ್ರದ ವ್ಯಾಖ್ಯೆಯ ಪ್ರಕಾರ ಚೌಕಟ್ಟಿನೊಳಗೆ ಏನನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಕ್ರಾಪ್ ಮಾಡಬಹುದು, ಫೋಕಸ್ ಸ್ಟ್ಯಾಕಿಂಗ್ ಮಾಡಬಹುದು. ಅಂದರೆ ಆ ಸಲಹೆ ಪಾಲಿಸಿದವರ ಚಿತ್ರ ನೇರ ಹೊರಗೆ. "ಮೊಣಕೈಯನ್ನು ನಾಲ್ಕು ಬೆರಳು ಕೆಳಗಿಳಿಸಿದ್ದರೆ ಕಡ್ಡಿ ಚೌಕಟ್ಟಿಗೇ ಬರುತ್ತಿರಲಿಲ್ಲ" ಎನ್ನಬಹುದಿತ್ತಲ್ಲ!

ಫಿಲ್ಮ್ ಕಾಲದಲ್ಲಿ ಈ ಗಡಿಬಿಡಿಗೆ ಅವಕಾಶವೇ ಇರಲಿಲ್ಲ; ಒಂದು ರೋಲಿಗೆ 36 ಚಿತ್ರ, ಫಲಿತಾಂಶ ಕಾಣುವುದಕ್ಕೆ ದಿನಗಟ್ಟಲೆ ಕಾಯಬೇಕಿತ್ತು. ಓ.ಸಿ. ಎಡ್ವರ್ಡ್ಸ್ ಅವರನ್ನು ಗುರುವೆಂದು ನಂಬಿ ಬೆಳೆದ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಆಮೇಲೆ ತಾವೇ ಎಷ್ಟೋ ಜನರಿಗೆ ಗುರುವಾದರು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕಡೆ ಹೊಸಬರೂ ಪಳಗಿದವರೂ ಒಂದೇ ಪ್ರಿಂಟಿನ ಮುಂದೆ ನಿಲ್ಲುತ್ತಿದ್ದರು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಹೆಸರು ಹೊರಗೆ ಹೋದದ್ದರಲ್ಲಿ ಇಂಥ ಒಡನಾಟದ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ತೋರಿಸುವವರಿಗೂ ಎರಡು ಮಾತಿದೆ. ಚಿತ್ರ ಗೋಡೆಯ ಮೇಲೆ ಬರುವ ಮುಂಚೆ ಒಂದೇ ವಾಕ್ಯ ಹೇಳಿ: ನಿಮಗೆ ಏನು ಬೇಕಿತ್ತು? "ರೆಕ್ಕೆಯ ಮೇಲೆ ಬೆಳಕು ಹಾಯುವುದು ಕಾಣಬೇಕಿತ್ತು" ಎಂದರೆ ಸಾಕು, ಹತ್ತು ದಿಕ್ಕಿನ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಆಮೇಲೆ ಎಲ್ಲರೂ ಮುಗಿಸುವ ತನಕ ಸುಮ್ಮನಿರಿ. ಗಾಳಿ ಇತ್ತು, ಮಳೆ ಹನಿಯುತ್ತಿತ್ತು, ಕಾಲಿಗೆ ಇಂಬಳ ಹತ್ತಿತ್ತು ಎಂದೆಲ್ಲ ವಿವರಿಸಬೇಡಿ. ನಂಬುತ್ತೇವೆ. ಆದರೆ ಇಂಬಳ ಚಿತ್ರದಲ್ಲಿಲ್ಲ.

ಕೇಳಿದ್ದನ್ನೆಲ್ಲ ಪಾಲಿಸುವುದೂ ಬೇಡ. ಹತ್ತು ಜನರ ಮಾತಿಗೆ ಹತ್ತು ಸಲ ಉಪ್ಪು ಹಾಕಿದ ಸಾರನ್ನು ಯಾರು ಉಣ್ಣುತ್ತಾರೆ? ಒಬ್ಬರು ಬಿಗಿಯಾಗಿ ಕ್ರಾಪ್ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಉಸಿರಾಡಲು ಜಾಗ ಬಿಡಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿ ಯಾವುದು ನೀವು ಮೊದಲು ಹೇಳಿದ ಆ ಒಂದು ವಾಕ್ಯಕ್ಕೆ ಹತ್ತಿರವಿದೆಯೋ ಅದನ್ನು ಇಟ್ಟುಕೊಳ್ಳಿ, ಉಳಿದದ್ದಕ್ಕೆ ಒಂದು ನಮಸ್ಕಾರ ಹೇಳಿ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರಿಸುವ ಮಾತು: "ಮೊಬೈಲ್‌ನಲ್ಲಿ ಇಷ್ಟು ಬಂದದ್ದೇ ಹೆಚ್ಚು." ಕ್ಲಿಪ್ ಲೆನ್ಸು ಸಿಕ್ಕಿಸಿಕೊಂಡು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಗುಲಗಂಜಿ ಹುಳುವಿನ ಚಿತ್ರ ತೆಗೆದ ಅಕ್ಕನೊಬ್ಬಳಿಗೆ ಇದನ್ನು ಹೇಳಿದರೆ ಅವಳು ಮುಂದಿನ ತಿಂಗಳು ಬರುವುದಿಲ್ಲ. ಅವಳ ಚಿತ್ರಕ್ಕೂ ಲಕ್ಷ ರೂಪಾಯಿಯ ಕ್ಯಾಮೆರಾದ ಚಿತ್ರಕ್ಕೂ ಒಂದೇ ಮಟ್ಟದ ನೋಟ ಸಲ್ಲಬೇಕು. ಬೆಳಕು ಯಾವ ಕಡೆಯಿಂದ ಬಂದಿದೆ, ಹುಳು ಏನು ಮಾಡುತ್ತಿದೆ, ಹಿನ್ನೆಲೆಯಲ್ಲಿ ಹೊಳೆಯುವ ಎಲೆ ಕಣ್ಣು ಸೆಳೆಯುತ್ತದೆಯೇ ಎಂಬುದಕ್ಕೆ ಲೆನ್ಸಿನ ಬೆಲೆ ಬೇಕಾಗಿಲ್ಲ. ಲೆನ್ಸಿನ ಪ್ರಶ್ನೆಯನ್ನು ಚಹಾದ ಹೊತ್ತಿಗೆ ಇಟ್ಟುಕೊಳ್ಳಿ. ಹಿರಿಯರು ಕೊನೆಗೆ ಮಾತಾಡಲಿ, ಮಕ್ಕಳು ಮೊದಲು. ಹಿರಿಯರೊಬ್ಬರು "ಅದ್ಭುತ" ಎಂದುಬಿಟ್ಟ ಮೇಲೆ, ಮೀಸೆ ಎಲ್ಲಿಂದ ಹೊರಟಿದೆ ಎಂದು ಕೇಳುವ ಧೈರ್ಯ ಯಾವ ಹುಡುಗನಿಗೂ ಬರುವುದಿಲ್ಲ.

ಮೂಲ ಫೈಲನ್ನೂ ಜೊತೆಗಿಟ್ಟುಕೊಂಡು ಬರುವ ರೂಢಿಯಾಗಲಿ. ಇಲ್ಲದ ಕೂದಲನ್ನು ತಾನೇ ಬರೆದು ಸೇರಿಸುವ ತಂತ್ರಾಂಶಗಳು ಬಂದಿವೆ, ಇಡೀ ಹುಳುವನ್ನೇ ಸೃಷ್ಟಿಸುವವೂ ಬಂದಿವೆ. ಕಾಲು ಎಣಿಸುವ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಮುಂದಿನ ಸಭೆಯನ್ನು ಹೀಗೆ ನಡೆಸಿ ನೋಡಿ. ತಲೆಗೊಂದೇ ಚಿತ್ರ, ಪ್ರತಿ ಚಿತ್ರಕ್ಕೆ ಐದು ನಿಮಿಷ, ಮೊದಲ ಒಂದು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ. ಅದರ ಮುಂದಿನ ತಿಂಗಳು ಬರುವಾಗ ಹೊಸ ಚಿತ್ರ ತರಲೇಬೇಕೆಂದಿಲ್ಲ. ಹೋದ ಸಲ ತೋರಿಸಿದ್ದನ್ನೂ, ಸಲಹೆ ಕೇಳಿ ಅದೇ ಗಿಡದಲ್ಲೋ ಅಂಥದ್ದೇ ಇನ್ನೊಂದು ಗಿಡದಲ್ಲೋ ಮತ್ತೆ ತೆಗೆದದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಎರಡರ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಅದರ ಹೊಣೆ ಚಿತ್ರ ತೆಗೆದವರಿಗಿಂತ ಹೆಚ್ಚಾಗಿ ನಮ್ಮದು, ಹೋದ ತಿಂಗಳು ಆ ಕೋಣೆಯಲ್ಲಿ ಕೂತು ಮಾತಾಡಿದವರದು.

ಇಂತಿ,
ನಿಮ್ಮ ಹಿಂದಿನ ಸಾಲಿನಲ್ಲಿ ಕೂರುವವನೊಬ್ಬ